ಗಾಲಿಗೆ ಹೊಲಿದ ರೇಷ್ಮೆ ಕಾಲುಚೀಲ

ಚಿಗುಸಾ ಶಿಯೋಮಿ ಪೇಟೆಬೀದಿಗೆ ಬಂದಳೆಂದು ತಿಳಿಯಲು ಅಂಗಡಿಯವರು ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಮೊದಲು ಒಂದು ಸೀಟಿ ಕೇಳಿಸುತ್ತಿತ್ತು. ಅದರ ಬೆನ್ನಿಗೇ, ಬೀದಿಯುದ್ದಕ್ಕೂ ಹೊದಿಸಿದ ಚಾವಣಿಗೆ ತಾಗಿ ಮರಳುವಂಥ ಸ್ಪಷ್ಟವಾದ ದನಿ: "ಗಾಡಿ ಎಡಕ್ಕೆ ತಿರುಗುತ್ತಿದೆ, ಪ್ರಯಾಣಿಕರು ದಯವಿಟ್ಟು ಹಿಡಿದುಕೊಳ್ಳಬೇಕು."

ಗಾಡಿಯೆಂದರೆ ಅವಳ ಗಾಲಿಕುರ್ಚಿ. ಪ್ರಯಾಣಿಕರೆಂದರೆ ಬೆನ್ನ ಹಿಂದಿನ ಚೀಲದಲ್ಲಿ ತಲೆ ಹೊರಗಿಟ್ಟು ಕೂತ ಈರುಳ್ಳಿಸೊಪ್ಪು, ಬಿಳಿ ಮೂಲಂಗಿ. ಅವಳು ಎಡವೆಂದ ಕೂಡಲೇ ಬೀದಿಯ ಬಲಗಡೆಯವರು ತಮ್ಮ ಬುಟ್ಟಿಗಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಹರೆಯದಿಂದ ನಿವೃತ್ತಿಯವರೆಗೂ ಚಿಗುಸಾ ಪ್ರವಾಸಿ ಬಸ್ಸುಗಳಲ್ಲಿ ಗೈಡಾಗಿದ್ದಳು. ಬಿಳಿ ಕೈಗವಸು ತೊಟ್ಟು, ಪುಟ್ಟ ಟೋಪಿಯಿಟ್ಟು, ಡ್ರೈವರನ ಪಕ್ಕದಲ್ಲಿ ರಸ್ತೆಗೆ ಬೆನ್ನು ಮಾಡಿ, ಪ್ರಯಾಣಿಕರಿಗೆ ಮುಖ ಮಾಡಿ ನಿಂತೇ ಅರ್ಧ ದೇಶ ಸುತ್ತಿದ್ದಳು. ಅವಳ ಎಡಗೈ ಪ್ರಯಾಣಿಕರಿಗೆ ಬಲಗೈ. "ನಿಮ್ಮ ಬಲಕ್ಕೆ ಕಾಣುತ್ತಿರುವುದೇ" ಎನ್ನುತ್ತ ಎಡಗೈ ಚಾಚಿ ಚಾಚಿ, ಕೊನೆಗೆ ಎಡ ಯಾವುದು ಬಲ ಯಾವುದು ಎಂಬುದು ಅವಳ ತಲೆಯಲ್ಲಿ ಕಾಯಂ ಆಗಿ ಅದಲುಬದಲಾಗಿಬಿಟ್ಟಿತ್ತು. ಇನ್ನೊಂದು ಸಂಗತಿ ಅವಳೇ ಹೇಳುತ್ತಿದ್ದದ್ದು: ಎದುರಿಗೆ ಬರುವ ಬೆಟ್ಟವನ್ನು ತಾನು ಕಂಡದ್ದು ಕಡಿಮೆ, ಬಸ್ಸಿನ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಹೋದ ಬೆಟ್ಟಗಳನ್ನೇ ಕಂಡದ್ದು. ಹೀಗಾಗಿ ಯಾವ ಬೆಟ್ಟದ ಬಗ್ಗೆಯೂ ತನಗೆ ಭಯವಿಲ್ಲ ಎನ್ನುತ್ತಿದ್ದಳು.

ನಿವೃತ್ತಿಯಾದ ಮರುವರ್ಷದ ಬೇಸಿಗೆಯಲ್ಲಿ ಬೆನ್ನುಹುರಿಯ ರಕ್ತನಾಳವೊಂದು ಕಟ್ಟಿಕೊಂಡಿತು. ಸೊಂಟದಿಂದ ಕೆಳಕ್ಕೆ ಸುದ್ದಿ ಹೋಗುವುದು ನಿಂತುಹೋಯಿತು. ಆಸ್ಪತ್ರೆಯಲ್ಲಿ ಬಹಳ ಕಾಲವಿದ್ದು, ತೋಳುಗಳಲ್ಲಿ ಪೈಲ್ವಾನರ ಬಲ ತುಂಬಿಕೊಂಡು ಮರಳಿದಳು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ಮಣೆಗೆ ತನ್ನನ್ನು ತಾನೇ ಎತ್ತಿ ಸಾಗಿಸುವುದು ಕಲಿತಳು. ಪೇಟೆಬೀದಿಯ ತುದಿಯಲ್ಲೇ ನೆಲಮಹಡಿಯ ಮನೆ ಹಿಡಿದಳು. ಗಂಡ ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವಳಿಗಿದ್ದದ್ದು ಬೀದಿ.

ಬೀದಿಗೂ ವಯಸ್ಸಾಗಿತ್ತು. ಅರ್ಧಕ್ಕರ್ಧ ಅಂಗಡಿಗಳ ಶಟರು ಇಳಿದಿತ್ತು. ಚಾವಣಿಯಿಂದ ತೂಗುಬಿಟ್ಟ ಪ್ಲಾಸ್ಟಿಕ್ಕಿನ ಕೆಂಪು ಮೇಪಲ್ ಎಲೆಗಳು ಚಳಿಗಾಲ ಬಂದರೂ ಉದುರದೆ, ಯಾರಾದರೂ ಏಣಿ ತಂದು ಬಿಚ್ಚುವುದನ್ನೇ ಕಾಯುತ್ತಿದ್ದವು. ಆದರೂ ಮಧ್ಯಾಹ್ನವಾಗುತ್ತಲೇ ಫುಸಾಳ ಅಂಗಡಿಯ ಆಲೂಗಡ್ಡೆ ಕ್ರೊಕೆಟ್ಟಿನ ಎಣ್ಣೆಯ ಘಮ ಎದ್ದು, ಗೆಂಪೆಯ ಅಂಗಡಿಯ ಹಸಿರು ಜೊಂಡಿನ ವಾಸನೆಯೊಂದಿಗೆ ಬೆರೆಯುತ್ತಿತ್ತು. ಗೆಂಪೆ ತಾತಾಮಿ ಚಾಪೆ ಹೆಣೆಯುವವನು. ಇವರಿಬ್ಬರ ನಡುವೆ ಕಿನುಯೆಯ ಬಟ್ಟೆ ಅಂಗಡಿ.

ಕಿನುಯೆಗೆ ಎಂಬತ್ತು ದಾಟಿತ್ತು. ಹಳೆ ಕಿಮೋನೋಗಳು, ರೇಷ್ಮೆಯ ತುಂಡುಗಳು, ದಾರದ ಉಂಡೆಗಳು ಅವಳ ಸರಕು. ಬಾಗಿಲು ದಾಟಿದೊಡನೆ ಸಿಮೆಂಟಿನ ನೆಲ. ಅಲ್ಲಿ ಚಪ್ಪಲಿ ಬಿಟ್ಟು, ಎದುರಿನ ಎತ್ತರದ ಜಗಲಿಯ ಮೇಲೆ ಹತ್ತಿ ಕೂರಬೇಕು. ಜಗಲಿಯ ತುಂಬ ತಾತಾಮಿ. ಅದರ ನಡುವೆ ಚಳಿಗಾಲದಲ್ಲಿ ಕೊಟಾತ್ಸು: ಅಡಿಯಲ್ಲಿ ವಿದ್ಯುತ್ತಿನ ಬಿಸಿಯಿರುವ, ಸುತ್ತ ದಪ್ಪ ರಜಾಯಿ ಇಳಿಬಿಟ್ಟ ಗಿಡ್ಡ ಮೇಜು. ಕಾಯಿಲೆಗೆ ಮುಂಚಿನ ಗುರುವಾರದ ಮಧ್ಯಾಹ್ನಗಳಲ್ಲಿ ಫುಸಾ, ಟೀಪುಡಿ ಅಂಗಡಿಯ ರುಯಿ, ಮತ್ತು ಚಿಗುಸಾ ಆ ರಜಾಯಿಯೊಳಗೆ ಕಾಲು ತೂರಿಸಿ ಕೂತು ಊರನ್ನು ಹರಿದು ಹೊಲಿಯುತ್ತಿದ್ದರು. ಚಿಗುಸಾಳ ಜಾಗ ದಾರದ ಡ್ರಾಯರುಗಳಿಗೆ ಬೆನ್ನು ಕೊಡುವ ಮೂಲೆ. ಅವಳು ಒಳಗೆ ಬಂದಾಗೆಲ್ಲ ಕಿನುಯೆ ಕನ್ನಡಕದ ಮೇಲಿಂದ ನೋಡಿ, ಸಲಿಗೆಯ ಹೆಸರು ಹಿಡಿದು, "ಬಂದ್ಯಾ ಚೀಚಾನ್, ಇವತ್ತು ಯಾವೂರಿನ ಸುಳ್ಳು ಹೊತ್ಕೊಂಡು ಬಂದಿದ್ದೀಯ?" ಎನ್ನುತ್ತಿದ್ದಳು. ಇಡೀ ಬೀದಿಯಲ್ಲಿ ಕಿನುಯೆಯ ನಾಲಿಗೆಗೆ ಹೆದರದವಳು ಚಿಗುಸಾ ಒಬ್ಬಳೇ. ಹೆದರುವುದಿರಲಿ, ಆ ನಾಲಿಗೆಗಾಗಿಯೇ ಅವಳು ಬರುತ್ತಿದ್ದಳು.

ಆಸ್ಪತ್ರೆಯಿಂದ ಮರಳಿದ ಮೇಲೆ ಮೊದಲ ಗುರುವಾರ ಚಿಗುಸಾ ಕುರ್ಚಿಯ ಸಮೇತ ಸಿಮೆಂಟಿನ ನೆಲಕ್ಕೆ ಬಂದು ನಿಂತಾಗ ಕಿನುಯೆ ಗಡಿಬಿಡಿಯಿಂದ ಎದ್ದಳು. ಅತಿಥಿ ಕೆಳಗಿರುವಾಗ ತಾನು ಮೇಲೆ ಕೂರುವುದುಂಟೆ? ಜಗಲಿಯಿಂದಿಳಿದು, ಚಪ್ಪಲಿ ಮೆಟ್ಟಿ, ಸೊಂಟ ಬಗ್ಗಿಸಿ, "ತಾವು ದಯಮಾಡಿಸಿದ್ದು ಬಹಳ ಸಂತೋಷ, ಶಿಯೋಮಿ ಸಾಮಾ" ಎಂದಳು. ಶಿಯೋಮಿ ಎಂಬುದು ಚಿಗುಸಾಳ ಮನೆತನದ ಹೆಸರು, ಸಾಮಾ ಎಂಬುದು ದೊಡ್ಡವರಿಗೆ ಸೇರಿಸುವ ಗೌರವ. ಅದನ್ನು ಕಿನುಯೆಯ ಬಾಯಲ್ಲಿ ಕೇಳಿ, ಬೇರೆ ಯಾರೋ ಬಂದರೇನೋ ಎಂದು ಚಿಗುಸಾ ಹಿಂದಿರುಗಿ ನೋಡಿದಳು.

ಕಿನುಯೆಯೇ ಇಳಿದ ಮೇಲೆ ಫುಸಾ, ರುಯಿ ಮೇಲೆ ಕೂರುವುದು ಹೇಗೆ? ಅವರೂ ಇಳಿದರು. ಮೂವರೂ ಮುದುಕಿಯರು ತಣ್ಣಗಿನ ಸಿಮೆಂಟಿನ ಮೇಲೆ ಬಟ್ಟಲು ಹಿಡಿದು, ರೈಲು ನಿಲ್ದಾಣದಲ್ಲಿ ಗಾಡಿ ಕಾಯುವವರ ಹಾಗೆ ನಿಂತು ಚಹಾ ಕುಡಿದರು. ಮೇಲೆ ಕೊಟಾತ್ಸು ಯಾರಿಗೂ ಅಲ್ಲದೆ ಬೆಚ್ಚಗೆ ಉರಿಯುತ್ತಿತ್ತು. ಹವಾಮಾನದ ಮಾತು ಬಂತು. ಹವಾಮಾನವನ್ನು ಬಿಟ್ಟು ಬೇರೆ ಮಾತು ಬರಲಿಲ್ಲ. ನಿಂತುಕೊಂಡು ಚಾಡಿ ಹೇಳುವುದು ಕಷ್ಟ ಎಂಬುದು ಚಿಗುಸಾಳಿಗೆ ಅಂದೇ ಗೊತ್ತಾದದ್ದು.

ಮುಂದಿನ ಗುರುವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಮೇಲೆ ಕೂರಿ ಎಂದು ಅವಳು ಎಷ್ಟು ಹೇಳಿದರೂ, ಛೆ ಛೆ, ನಿಂತಿದ್ದರೇ ಸುಖ ಎನ್ನುತ್ತಿದ್ದರು. ಫುಸಾ ಮಂಡಿಯನ್ನು ಯಾರಿಗೂ ಕಾಣದಂತೆ ಗೋಡೆಗೆ ಆನಿಸುತ್ತಿದ್ದಳು. ರುಯಿ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಬೇಗ ಹೊರಡತೊಡಗಿದಳು. ರುಯಿಯ ಒಲೆ ಯಾವ ಕಾಲದಲ್ಲೂ ಅಷ್ಟು ಉರಿದದ್ದಿಲ್ಲ. ತಾನು ಹೀಗೇ ಬರುತ್ತಿದ್ದರೆ ಈ ಚಳಿಗಾಲ ಮುಗಿಯುವಷ್ಟರಲ್ಲಿ ಗುರುವಾರವೇ ಮುಗಿದುಹೋಗುತ್ತದೆ ಎಂದು ಚಿಗುಸಾಳಿಗೆ ಅನಿಸಿತು. ಅವಳಿಗೆ ಬೇಕಾಗಿದ್ದದ್ದು ಡ್ರಾಯರುಗಳ ಮುಂದಿನ ತನ್ನ ಮೂಲೆ, ಮತ್ತು ಕಿನುಯೆಯ ಹಳೆಯ ನಾಲಿಗೆ. ಎರಡನ್ನೂ ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಒಬ್ಬರ ಮನೆಗೆ ಹೋಗಿ ನನ್ನನ್ನು ಮೇಲೆ ಕೂರಿಸಿ ಎನ್ನುವುದು ಅವರ ತಲೆಗೆ ತೊಂದರೆ ಕಟ್ಟಿದಂತೆ. ನನ್ನನ್ನು ಬೈಯಿರಿ ಎನ್ನುವುದಂತೂ ಯಾವ ಬಸ್ಸಿನ ತರಬೇತಿಯಲ್ಲೂ ಕಲಿಸಿರಲಿಲ್ಲ.

ಆದ್ದರಿಂದ ಅವಳು ಬರುವುದನ್ನೇ ಬಿಟ್ಟಳು. ಒಂದು ವಾರ ಶೀತ, ಇನ್ನೊಂದು ವಾರ ಹಲ್ಲಿನ ಡಾಕ್ಟರು, ಮತ್ತೊಂದು ವಾರ ಗ್ಯಾಸಿನವನು ಬರುತ್ತಾನೆಂಬ ನೆವ. ಫೋನಿನಲ್ಲಿ ಕಿನುಯೆ, ತಮ್ಮ ಆರೋಗ್ಯವೇ ಮುಖ್ಯ, ದಯವಿಟ್ಟು ಸಂಕೋಚ ಬೇಡ ಎಂದಳು. ಹಳೆಯ ಕಿನುಯೆಯಾಗಿದ್ದರೆ, ಗ್ಯಾಸಿನವನು ನಿನ್ನ ಮದುವೆಯಾಗಲು ಬರುತ್ತಿದ್ದಾನೇನೇ ಎಂದು ಕೇಳುತ್ತಿದ್ದಳು. ಚಿಗುಸಾ ಫೋನಿಟ್ಟಳು. ಮೀನು ತರಕಾರಿಗೆಂದು ಬೀದಿಗೆ ಹೋಗಲೇಬೇಕಿತ್ತಲ್ಲ, ಹೋದಾಗ ಕಿನುಯೆಯ ಅಂಗಡಿ ಹತ್ತಿರ ಬಂದೊಡನೆ ಸೀಟಿಯನ್ನು ಜೇಬಿಗಿಳಿಸಿ, ಸದ್ದಿಲ್ಲದೆ ದಾಟಿಬಿಡುತ್ತಿದ್ದಳು.

ಆ ಸದ್ದಿಲ್ಲದಿರುವುದೇ ಕಿನುಯೆಗೆ ಕೇಳಿಸಿತಂತೆ. ಈ ಸುದ್ದಿಯನ್ನು ಚಿಗುಸಾಳಿಗೆ ಕೊಟ್ಟವಳು ಫುಸಾ. ಕ್ರೊಕೆಟ್ಟನ್ನು ಕಾಗದದಲ್ಲಿ ಸುತ್ತುತ್ತ, ಮೂರು ಅಂಗಡಿಯಾಚೆಗೂ ಕೇಳುವಂಥ ಗುಟ್ಟಿನ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಕಿನುಯೆ ಗೆಂಪೆಯನ್ನು ಕರೆಸಿದ್ದಾಳೆ. ಸಿಮೆಂಟಿನ ನೆಲದಿಂದ ಜಗಲಿಗೆ ಹಲಗೆಯ ಇಳಿಜಾರು ಮಾಡಿಸುತ್ತಿದ್ದಾಳೆ. ಹಲಗೆ ಸಿದ್ಧವಾಗಿದೆ, ಗೆಂಪೆ ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾನೆ. ಆದರೆ ಕೆಲಸ ಬೇರೊಂದು ಕಡೆ ಸಿಕ್ಕಿಹಾಕಿಕೊಂಡಿದೆ.

ಸಿಕ್ಕಿಹಾಕಿಕೊಂಡದ್ದು ಗಾಲಿಯ ವಿಚಾರದಲ್ಲಿ. ಬೀದಿಯಲ್ಲಿ ಉರುಳಿದ ಗಾಲಿ ತಾತಾಮಿಯ ಮೇಲೆ ಹತ್ತುವುದು ಹೇಗೆ? ಗಾಲಿ ಚಪ್ಪಲಿಯೋ, ಪಾದವೋ? ಫುಸಾಳ ಅಂಗಡಿಯ ಮುಂದೆ ಈ ಚರ್ಚೆ ದಿನಗಟ್ಟಲೆ ನಡೆಯಿತು. ಮನುಷ್ಯರು ಯಾವುದರಿಂದ ನಡೆಯುತ್ತಾರೋ ಅದು ಪಾದ, ಪಾದವನ್ನು ಒರೆಸಿದರೆ ಸಾಕು ಎಂದು ಫುಸಾ ವಾದಿಸಿದಳು. ಮೀನಿನಂಗಡಿಯ ನೀರಿನಲ್ಲಿ ಉರುಳಿ ಬಂದದ್ದನ್ನು ಪಾದವೆನ್ನಲು ತನ್ನ ಚಾಪೆ ಒಪ್ಪುವುದಿಲ್ಲ ಎಂದು ಗೆಂಪೆ ಹಟ ಹಿಡಿದ. ಕೊನೆಗೆ ರುಯಿ ಒಂದು ರಾಜಿ ಸೂಚಿಸಿದಳು: ಇದು ಬಿಚ್ಚಲಾಗದ ಚಪ್ಪಲಿ ತೊಟ್ಟ ಪಾದ, ಆದ್ದರಿಂದ ಚಪ್ಪಲಿಯ ಮೇಲೆಯೇ ಕಾಲುಚೀಲ ಹಾಕಬೇಕು. ಎಲ್ಲರೂ ತಲೆದೂಗಿದರು. ಕಿನುಯೆ ತನ್ನ ಬಳಿಯಿದ್ದ ಅತಿ ಒಳ್ಳೆಯ ನೀಲಿ ರೇಷ್ಮೆಯನ್ನು ತೆಗೆದು, ಎರಡು ದೊಡ್ಡ ಗಾಲಿ ಎರಡು ಸಣ್ಣ ಗಾಲಿಗಳ ಅಳತೆಗೆ ಹೊಲಿಯಲು ಕೂತಳು.

"ಕಣ್ಣು ಕಾಣಲ್ಲ, ಆದ್ರೂ ರಾತ್ರಿ ಹಗಲು ಹೊಲೀತಾಳೆ ಕಣೇ," ಎಂದಳು ಫುಸಾ. "ಈ ಗುರುವಾರ ನೀನು ಬರಲಿಲ್ಲ ಅಂದ್ರೆ ನಂಗೆ ಮುಖ ತೋರಿಸ್ಬೇಡ. ನನ್ನ ಮಂಡಿ ಮೇಲಾಣೆ."

ಗುರುವಾರ ಚಿಗುಸಾ ಹೋದಳು. ಒಳ್ಳೆಯ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಹೋದಳು. ಕಿನುಯೆ ಎಂದಿನಂತೆ ಸೊಂಟ ಬಗ್ಗಿಸಿ, ತಮ್ಮ ಗಾಲಿಗಳಿಗೆ ಇವು ಹಿಡಿಸುತ್ತವೋ ಇಲ್ಲವೋ ಎಂದು ಎರಡೂ ಕೈಯಲ್ಲಿ ಕಾಲುಚೀಲಗಳನ್ನು ಚಾಚಿದಳು. ಗೆಂಪೆ ಕುರ್ಚಿಯನ್ನು ಒಂದೊಂದು ಮಗ್ಗುಲಿಗೆ ಎತ್ತಿ ಹಿಡಿದ. ಫುಸಾ, ರುಯಿ ಮಂಡಿಯೂರಿ ಗಾಲಿಗಳಿಗೆ ರೇಷ್ಮೆ ತೊಡಿಸಿ ಲಾಡಿ ಬಿಗಿದರು. ಮದುಮಗಳಿಗೂ ಇಷ್ಟು ಉಪಚಾರವಿರುವುದಿಲ್ಲ. ಚಾಪೆಯ ಅಂಚಿನ ಪಟ್ಟಿಯ ಮೇಲೆ ಗಾಲಿ ಹೋಗಬಾರದೆಂದು ಗೆಂಪೆ ಮತ್ತೆ ಮತ್ತೆ ಎಚ್ಚರಿಸಿದ. ಅಂಚನ್ನು ತುಳಿಯುವುದೆಂದರೆ ಮನೆಯವರ ಮುಖವನ್ನೇ ತುಳಿದಂತೆ. ಎಡಕ್ಕೆ ಹಿಡಿ ಎಂದ. ಆಮೇಲೆ ಯಾರಿಗೆ ಹೇಳುತ್ತಿದ್ದೇನೆಂದು ನೆನಪಾಗಿ, ಬಲಕ್ಕೆ ಹಿಡಿ ಎಂದ.

ಅವನು ಹಿಂದಿನಿಂದ ನೂಕಿದ. ಚಿಗುಸಾ ಏರಿದಳು. ಜಗಲಿ ಬಂತು, ತಾತಾಮಿ ಬಂತು, ಹಳೆಯ ಜೊಂಡಿನ ವಾಸನೆ ಬಂತು. ಡ್ರಾಯರುಗಳ ಮೂಲೆ ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

ಆಗ ಎಲ್ಲರಿಗೂ ಒಟ್ಟಿಗೇ ತಿಳಿಯಿತು: ಕುರ್ಚಿ ಕೊಟಾತ್ಸುವಿನ ಕೆಳಗೆ ಹೋಗುವುದಿಲ್ಲ. ಮೇಜು ಮೊಣಕಾಲಿಗಿಂತ ಗಿಡ್ಡ. ಜಗಲಿ ಹತ್ತಿ ಕೊಟಾತ್ಸುವಿನ ಸುತ್ತ ಕೂತ ಮೂವರು ಮುದುಕಿಯರು ಕತ್ತೆತ್ತಿ ನೋಡಿದರು. ಮೇಲೆ ಚಿಗುಸಾ, ಮಂಟಪದಲ್ಲಿಟ್ಟ ವಿಗ್ರಹದ ಹಾಗೆ. ಮೊದಲು ರುಯಿ ಎದ್ದು ನಿಂತಳು, ಆಮೇಲೆ ಫುಸಾ, ಕೊನೆಗೆ ಕಿನುಯೆ. ಸಿಮೆಂಟಿನ ಮೇಲೆ ನಿಲ್ಲುತ್ತಿದ್ದವರು ಈಗ ತಾತಾಮಿಯ ಮೇಲೆ ನಿಂತರು. ಇವತ್ತು ಚಳಿ ಸ್ವಲ್ಪ ಕಡಿಮೆ ಎಂದಳು ರುಯಿ.

ಅವರು ಕೂರಲಿ, ತಾನೇ ಸ್ವಲ್ಪ ಹಿಂದೆ ಸರಿಯೋಣವೆಂದು ಚಿಗುಸಾ ಗಾಲಿಯನ್ನು ಒಂದು ಗೇಣು ತಿರುಗಿಸಿದಳು. ಒಳ್ಳೆಯ ರೇಷ್ಮೆ, ಕನ್ನಡಿಯಂಥ ಹಲಗೆ. ಬ್ರೇಕು ಹಾಕಿದರೆ ಅದು ಬಟ್ಟೆಯ ಮೇಲೆ ಜಾರಿತೇ ಹೊರತು ಹಿಡಿಯಲಿಲ್ಲ. ಕುರ್ಚಿ ಹಿಮ್ಮುಖವಾಗಿ, ಬಹಳ ಗಂಭೀರವಾಗಿ, ಇಳಿಜಾರಿಗೆ ಇಳಿಯಿತು.

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಕಿರುಚುತ್ತಿದ್ದರು. ಚಿಗುಸಾಳ ಬಾಯಿಂದ ಹೊರಟದ್ದು ಹಳೆಯ ಅಭ್ಯಾಸದ ದನಿ. "ಗಾಡಿ ಹಿಂದಕ್ಕೆ ಬರುತ್ತಿದೆ. ದಯವಿಟ್ಟು ದಾರಿ ಬಿಡಬೇಕು. ರೈಟ್, ರೈಟ್, ರೈಟ್." ತನ್ನಿಂದ ದೂರವಾಗುತ್ತ ಸಣ್ಣಗಾಗುವುದನ್ನು ನೋಡಿ ಅವಳಿಗೆ ರೂಢಿಯಿತ್ತು. ಈಗ ಸಣ್ಣಗಾಗುತ್ತಿದ್ದದ್ದು ಕಿನುಯೆಯ ಬಾಯಿ ತೆರೆದ ಮುಖ. ಗೆಂಪೆ ದಾರಿ ಬಿಟ್ಟ. ಬಸ್ಸಿನ ಗೈಡು ಹೇಳಿದರೆ ಯಾರಾದರೂ ಬಿಡುತ್ತಾರೆ. ಕುರ್ಚಿ ಸಿಮೆಂಟಿನ ನೆಲ ದಾಟಿ, ಬಾಗಿಲು ದಾಟಿ, ಬೀದಿಗೆ ಬಂದು, ಓರೆಯಾಗಿ ಹೊರಳಿ, ಪಕ್ಕದ ಗೆಂಪೆಯ ಅಂಗಡಿಯ ಮುಂದಿದ್ದ ಜೊಂಡಿನ ಸುರುಳಿಗಳಿಗೆ ಮೆತ್ತಗೆ ಆತು ನಿಂತಿತು. ಚೀಲದಿಂದ ಒಂದು ಮೂಲಂಗಿ ಇಳಿದು ಉರುಳಿತು.

ಒಳಗಿನಿಂದ ಎಲ್ಲರೂ ಕೂಗುತ್ತ ಓಡಿಬಂದರು. ಅವರು ಕೂಗುತ್ತಿದ್ದದ್ದು ಚಿಗುಸಾಳ ಹೆಸರನ್ನಲ್ಲ. ಕಾಲುಚೀಲ, ಕಾಲುಚೀಲ ಎಂದು. ಮನೆಯೊಳಗಿನ ಕಾಲುಚೀಲ ಬೀದಿಯ ನೆಲಕ್ಕೆ ತಾಗಿತ್ತು. ಗೆಂಪೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ. ಗಾಲಿಗಳನ್ನು ಎತ್ತಿ ಎತ್ತಿ ಎಂದು ಫುಸಾ ಯಾರಿಗೋ ಹೇಳುತ್ತಿದ್ದಳು. ಅವರ ನಡುವೆ ನುಗ್ಗಿ ಬಂದ ಕಿನುಯೆ ಕುರ್ಚಿಯ ಎರಡೂ ತೋಳುಗಳನ್ನು ಹಿಡಿದಳು.

"ನಿಂಗೇನಾದ್ರೂ ಬುದ್ಧಿ ಇದೆಯೇನೇ? ಜೀವ ಹೋಗೋ ಹೊತ್ತಲ್ಲಿ ರೈಟ್ ರೈಟ್ ಅಂತೀಯಲ್ಲ, ಕತ್ತೆ. ಕೈ ಕೊಟ್ಟು ಗೋಡೆ ಹಿಡ್ಕೊಳ್ಳೋಕಾಗ್ಲಿಲ್ವಾ? ನಮ್ಮಮ್ಮ ಇಟ್ಟಿದ್ದ ರೇಷ್ಮೆ ಅದು. ಬೀದಿ ಒರೆಸಿಬಿಟ್ಯಲ್ಲೇ ಅದ್ರಲ್ಲಿ."

ಚಿಗುಸಾ ಆ ಬೈಗುಳವನ್ನು ಬಿಸಿ ಸಾರಿನ ಹಾಗೆ ಒಳಗಿಳಿಸಿಕೊಂಡಳು. ಎಷ್ಟು ಕಾಲವಾಗಿತ್ತು.

"ನನ್ನ ಗಾಲಿ ಹಾಗಿರ್ಲಿ, ಕಿನುಯೆಸಾನ್," ಎಂದಳು. "ನೀವು ನಿಂತಿರೋದು ಎಲ್ಲಿ, ನೋಡ್ಕೊಳ್ಳಿ."

ಕಿನುಯೆ ಕೆಳಗೆ ನೋಡಿದಳು. ಎಲ್ಲರೂ ನೋಡಿದರು. ಚಪ್ಪಲಿಯಿಲ್ಲದ ಬಿಳಿಯ ಕಾಲುಚೀಲದಲ್ಲಿ, ಮೀನಿನ ನೀರು ಹರಿದ ಬೀದಿಯ ನಟ್ಟನಡುವೆ ಕಿನುಯೆ ನಿಂತಿದ್ದಳು. ಜಗಲಿಯ ತುದಿಯಲ್ಲಿ ಗಿರಾಕಿಯೊಬ್ಬನ ಚಪ್ಪಲಿಯ ಹಿಮ್ಮಡಿ ತುಸು ತಾಗಿದರೂ ಸಹಿಸದ ಕಿನುಯೆ. ಫುಸಾ ನಗು ತಡೆಯಲು ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ನಗು ಕಿನುಯೆಯನ್ನು ಇನ್ನಷ್ಟು ಸಿಟ್ಟಿಗೆಬ್ಬಿಸಿತು. ತನ್ನ ಸುದೀರ್ಘ ಬಾಳಿನಲ್ಲಿ ಈ ಬೀದಿಗೆ ಕಾಲುಚೀಲದಲ್ಲಿ ಇಳಿದದ್ದಿಲ್ಲ, ಎಲ್ಲ ಈ ಕುರ್ಚಿಯಿಂದಾಗಿ ಎಂದು ಕುರ್ಚಿಯ ತೋಳಿಗೆ ಒಂದು ಏಟು ಕೊಟ್ಟಳು. ಆಮೇಲೆ ಹೇಳಿದ್ದು ಬಹುಶಃ ಅವಳು ಯೋಚಿಸಿ ಹೇಳಿದ್ದಲ್ಲ.

"ಇದು ನಿನ್ನ ಚಪ್ಪಲಿ ಅಷ್ಟೇ ಕಣೇ. ನನ್ನ ಮನೆಗೆ ಚಪ್ಪಲಿ ಹಾಕ್ಕೊಂಡೇ ಹತ್ತೀನಿ ಅಂತೀಯ? ಕೆಳಗೆ ಬಿಟ್ಟು ಬಾ, ಎಲ್ಲರ ಹಾಗೆ."

ಗೆಂಪೆ ತಲೆ ತಗ್ಗಿಸಿದ. ಕಾಲು ಬಾರದವಳಿಗೆ ಇಂಥ ಮಾತೇ ಎಂದು ರುಯಿ ಗಲ್ಲ ಹಿಡಿದುಕೊಂಡಳು. ಹೇಳಿದ ಕಿನುಯೆಯ ಮುಖವೂ ಬಿಳಿಚಿತು. ಆದರೆ ಚಿಗುಸಾ ಅವರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತೆರೆದ ಬಾಗಿಲಿನೊಳಗೆ ಕಾಣುತ್ತಿದ್ದ ಜಗಲಿಯ ಮರದ ಅಂಚನ್ನು ನೋಡುತ್ತಿದ್ದಳು. ಆಮೇಲೆ ತನ್ನ ಕುರ್ಚಿಯ ಆಸನವನ್ನು ನೋಡಿದಳು. ಎರಡೂ ಒಂದೇ ಎತ್ತರ. ಅವಳ ಮಂಚಕ್ಕಿಂತಲೂ ಸ್ನಾನದ ಮಣೆಗಿಂತಲೂ ಸಲೀಸಾದ ಎತ್ತರ. ಇಷ್ಟು ಗುರುವಾರ ಅದರ ಮುಂದೆಯೇ ಚಹಾ ಕುಡಿದಿದ್ದರು, ಎಲ್ಲರೂ ನಿಂತುಕೊಂಡು.

"ಆ ಹಲಗೆ ತೆಗಿ, ಗೆಂಪೆಸಾನ್," ಎಂದಳು.

ರೇಷ್ಮೆ ಬಿಚ್ಚಿಸಿ ಕುರ್ಚಿಯನ್ನು ಜಗಲಿಯ ಪಕ್ಕಕ್ಕೆ ತಂದಳು. ಬ್ರೇಕು ಈಗ ಹಿಡಿಯಿತು. ಮರದ ಮೇಲೆ ಒಂದು ಅಂಗೈ, ಕುರ್ಚಿಯ ಮೇಲೆ ಇನ್ನೊಂದು. ಮೈಯೆತ್ತಿ ಸರಿಸಿದಳು. ಚಪ್ಪಲಿ ಬಿಡಲು ಯಾರಾದರೂ ಕೂರುವ ಹಾಗೆ ಜಗಲಿಯ ತುದಿಯಲ್ಲಿ ಕೂತಳು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಮೇಲೆಳೆದುಕೊಂಡಳು. ಅಲ್ಲಿಂದ ಮೂಲೆಯವರೆಗೆ ಕುಂಡೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ತೆವಳಬೇಕಿತ್ತು. ಅದು ನೋಡಲು ಚೆಂದವಿಲ್ಲವೆಂದು ಅವಳಿಗೆ ಗೊತ್ತು. ಇಷ್ಟು ದಿನ ಜಗಲಿಯ ಎತ್ತರವನ್ನು ಅವಳು ಸರಿಯಾಗಿ ನೋಡದೇ ಇದ್ದದ್ದು ಅದಕ್ಕೂ ಇರಬಹುದು. ಅಂಗಿ ಮೇಲೇರಿತು, ಕೂದಲು ಬಿಚ್ಚಿತು. ಫುಸಾ ಸಹಾಯಕ್ಕೆ ಕೈ ಚಾಚಿದಾಗ ಕಿನುಯೆ ಅವಳ ಕೈಗೆ ಹೊಡೆದಳು.

"ಮುಟ್ಬೇಡ. ಸೋಮಾರಿ ಅವಳು. ಅಂಚು ತುಳೀಬೇಡ ಚೀಚಾನ್, ಪಟ್ಟಿ ಮೇಲೆ ಕೂತಿದ್ದೀಯ."

"ಪಟ್ಟಿ ಕಾಣಲ್ಲ, ನಂಗೆ ಹಿಂದೆ ಕಣ್ಣಿಲ್ಲ."

"ಜನ್ಮವಿಡೀ ಹಿಂದಕ್ಕೇ ಓಡಾಡಿದವಳು. ಕಣ್ಣಿಲ್ವಂತೆ."

ಮೂಲೆ ಸಿಕ್ಕಿತು. ಡ್ರಾಯರುಗಳ ಹಿಡಿಗಳು ಬೆನ್ನಿಗೆ ಚುಚ್ಚಿದವು, ಚುಚ್ಚಬೇಕಾದ ಜಾಗದಲ್ಲೇ. ಚಿಗುಸಾ ಕಾಲುಗಳನ್ನು ರಜಾಯಿಯೊಳಗೆ ತೂರಿಸಿ ಉಸಿರು ಬಿಟ್ಟಳು. ಬೀದಿಯ ಕಾಲುಚೀಲ ಕಳಚಿ ಬೇರೆಯದು ಹಾಕಿಕೊಂಡು ಬಂದ ಕಿನುಯೆ ಎದುರು ಕೂತಳು. ರಜಾಯಿ ಎತ್ತಿ, ಒಳಗೆ ಕೈ ಹಾಕಿ, ಚಿಗುಸಾಳ ಮೊಣಕಾಲಿನ ಹತ್ತಿರದ ಬಿಸಿ ಎಷ್ಟೆಂದು ಅಂಗೈಯಿಂದ ನೋಡಿದಳು. ಸುಟ್ಟರೂ ಈ ಕಾಲು ತಿಳಿಸುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲೋ ಕೇಳಿ ತಿಳಿದುಕೊಂಡಿರಬೇಕು. ಗುಂಡಿಯನ್ನು ತಿರುಗಿಸಿ ಬಿಸಿಯನ್ನು ತೀರಾ ಕೆಳಕ್ಕೆ ಇಳಿಸಿದಳು.

ಗೆಂಪೆ ಹಲಗೆಯನ್ನು ಹೊತ್ತುಕೊಂಡು, ಇಷ್ಟು ನುಣುಪಾದ ಕೆಲಸ ಯಾರಿಗೂ ಬೇಡವಾಯಿತೆಂದು ಗೊಣಗುತ್ತ ಹೋದ. ಚಹಾ ಬಂತು. ರುಯಿಗೆ ಒಲೆಯ ನೆನಪಾಗಲಿಲ್ಲ. ಮೀನಿನಂಗಡಿಯವನ ಎರಡನೆಯ ಮದುವೆಯ ಸುದ್ದಿ ಅರ್ಧ ದಾರಿಗೆ ಬಂದಿದ್ದಾಗ ಫುಸಾ ರಜಾಯಿಯೊಳಗೆ ಪಾದಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು.

"ಇದೇನು ಕೊಟಾತ್ಸುನೋ ಬಾವಿನೋ? ನಿನ್ನಿಂದಾಗಿ ನಮ್ಮ ಕಾಲೆಲ್ಲ ಮಂಜುಗಡ್ಡೆ ಆಯ್ತಲ್ಲೇ."

"ಹೌದಾ?" ಎಂದಳು ಚಿಗುಸಾ. "ನಂಗೇನೂ ತಣ್ಣಗಿಲ್ಲಪ್ಪ."

ರುಯಿ ಮೇಜನ್ನೇ ನೋಡಿದಳು. ಚಿಗುಸಾ ಕಾದಳು. ಮೊದಲು ಕಿನುಯೆಯ ಭುಜ ಅಲುಗಿತು. ಆಮೇಲೆ ಕನ್ನಡಕ ಜಾರಿತು. ಅವಳು ನಗುತ್ತ ನಗುತ್ತ ಕೆಮ್ಮಿ, ಕಣ್ಣೊರೆಸಿಕೊಂಡು, ಕೈಚಾಚಿ ಚಿಗುಸಾಳ ಕಡೆಯ ರಜಾಯಿಯ ತುದಿ ಹಿಡಿದಳು.

"ತಣ್ಣಗಿಲ್ಲ ಅಂದ್ರೆ ನಿನ್ನ ಪಾಲಿನ ರಜಾಯಿ ಇತ್ತ ಕೊಡು," ಎಂದು ಎಳೆದಳು.

ಚಿಗುಸಾ ಬಿಡಲಿಲ್ಲ. ತೋಳುಗಳಲ್ಲಿ ಅಷ್ಟೊಂದು ಬಲವಿದ್ದೂ, ಕಿನುಯೆ ಸೋಲದಷ್ಟೇ ಎಳೆದಳು.